ಕನ್ನಡದಲ್ಲಿ ಪಿಎಚ್.ಡಿ. ಥೀಸಿಸ್: ಟೈಪಿಂಗ್‌ನಿಂದ ಬೈಂಡಿಂಗ್‌ವರೆಗೆ ಪದೇ ಪದೇ ಕೇಳುವ ಪ್ರಶ್ನೆಗಳು

"ಬರೆದಿದ್ದೆಲ್ಲ ಮುಗಿಯಿತು, ಫಾರ್ಮ್ಯಾಟಿಂಗ್ ಒಂದೇ ಬಾಕಿ." ನನಗೆ ಫೋನ್ ಮಾಡುವ ಸಂಶೋಧನಾ ವಿದ್ಯಾರ್ಥಿಗಳಲ್ಲಿ ಮುಕ್ಕಾಲು ಪಾಲು ಜನ ಹೀಗೇ ಮಾತು ಶುರು ಮಾಡುತ್ತಾರೆ. ಆ 'ಒಂದೇ' ಎರಡು ತಿಂಗಳು ತಿನ್ನುತ್ತದೆ. ನನ್ನದೂ ತಿಂದಿತ್ತು. ಮೊದಲ ದಿನವೇ ಎರಡು ಕೆಲಸ ಮಾಡಿಕೊಂಡಿದ್ದರೆ ಎರಡು ದಿನದಲ್ಲಿ ಮುಗಿಯುತ್ತಿತ್ತು: ಯೂನಿಕೋಡ್‌ನಲ್ಲಿ (ಕಂಪ್ಯೂಟರ್ ಕನ್ನಡವನ್ನು ಕನ್ನಡವೆಂದೇ ಗುರುತಿಸುವ ಸಂಕೇತ ವ್ಯವಸ್ಥೆ) ಟೈಪ್ ಮಾಡುವುದು, ವರ್ಡ್‌ನಲ್ಲಿ ಸ್ಟೈಲ್ (ಶೀರ್ಷಿಕೆ, ಉಪಶೀರ್ಷಿಕೆಗಳಿಗೆ ಸಿದ್ಧವಾಗಿರುವ ವಿನ್ಯಾಸ) ಬಳಸುವುದು. ಉಳಿದ ತಪ್ಪುಗಳನ್ನೆಲ್ಲ ಕೊನೆಯಲ್ಲಿ ತಿದ್ದಬಹುದು. ಇವೆರಡನ್ನು ಕೊನೆಯಲ್ಲಿ ತಿದ್ದುವುದು ಅಂದರೆ ಕಟ್ಟಿದ ಮನೆಗೆ ಪಾಯ ಹಾಕಿದ ಹಾಗೆ. ಕನ್ನಡ, ಇತಿಹಾಸ, ಜಾನಪದದಂಥ ವಿಷಯಗಳಲ್ಲಿ ಕನ್ನಡದಲ್ಲೇ ಥೀಸಿಸ್ ಬರೆಯುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ಫಾಂಟ್, ಮಾರ್ಜಿನ್, ಪುಟಗಳ ಬಗ್ಗೆ ಯುಜಿಸಿ ನಿಯಮ ಏನು ಹೇಳುತ್ತದೆ?

ಏನೂ ಹೇಳುವುದಿಲ್ಲ. 2022ರ ಯುಜಿಸಿ ಪಿಎಚ್.ಡಿ. ನಿಯಮಾವಳಿಯಲ್ಲಿ ಅವಧಿ (ಕನಿಷ್ಠ 3 ವರ್ಷ, ಸಾಮಾನ್ಯವಾಗಿ ಗರಿಷ್ಠ 6), ಕೋರ್ಸ್‌ವರ್ಕ್, ಮೌಲ್ಯಮಾಪನ, ವೈವಾ ಇವೆಲ್ಲ ಇವೆ. ಅಕ್ಷರದ ಅಳತೆ ಇಲ್ಲ. ಅದು ನಿಮ್ಮ ವಿಶ್ವವಿದ್ಯಾಲಯದ ಪಿಎಚ್.ಡಿ. ವಿಭಾಗ ಕೊಡುವ ಸೂಚನಾ ಪತ್ರದಲ್ಲಿ ಇರುತ್ತದೆ. ಸೀನಿಯರ್ ಹೇಳಿದ್ದನ್ನು ನಂಬಬೇಡಿ, ಅವರ ಕಾಲದ ಸೂಚನೆ ಬದಲಾಗಿರಬಹುದು. ಪತ್ರವನ್ನೇ ತಂದು ಗೋಡೆಗೆ ಅಂಟಿಸಿಕೊಳ್ಳಿ. ಕೆಳಗೆ ನಾನು ಹೇಳುವುದು ಆ ಪತ್ರ ಸುಮ್ಮನಿರುವ ಕಡೆ ಮಾತ್ರ.

ನುಡಿಯಲ್ಲಿ ಟೈಪ್ ಮಾಡಿದರೆ ತಪ್ಪೇನು? ಎಲ್ಲರೂ ಅದರಲ್ಲೇ ಮಾಡುತ್ತಾರಲ್ಲ?

ನುಡಿಯ ಮೇಲೆ ನನಗೆ ಸಿಟ್ಟಿಲ್ಲ. ಕನ್ನಡ ಗಣಕ ಪರಿಷತ್ತಿನ ಆ ತಂತ್ರಾಂಶ ಇಲ್ಲದಿದ್ದರೆ ನಮ್ಮಲ್ಲಿ ಅರ್ಧ ಜನ ಕಂಪ್ಯೂಟರಿನಲ್ಲಿ ಕನ್ನಡ ಬರೆಯುತ್ತಲೇ ಇರಲಿಲ್ಲ. ತೊಂದರೆ ಇರುವುದು ನುಡಿಯ ಹಳೆಯ ಫಾಂಟುಗಳಲ್ಲಿ. ಡಿಟಿಪಿ ಅಂಗಡಿಯವರು ಆಸ್ಕಿ ಎನ್ನುತ್ತಾರಲ್ಲ, ಅವು. ಅಲ್ಲಿ ಕಾಣುವುದು ಕನ್ನಡ, ಒಳಗಿರುವುದು ಕನ್ನಡವಲ್ಲ.

ನಂಬಿಕೆ ಬರದಿದ್ದರೆ ಒಂದು ಪ್ರಯೋಗ ಮಾಡಿ. ಹಳೆ ನುಡಿ ಫಾಂಟಿನಲ್ಲಿ 'ಕನ್ನಡ' ಎಂದು ಟೈಪ್ ಮಾಡಿ. ಅದನ್ನು ಆಯ್ದುಕೊಂಡು ಫಾಂಟನ್ನು ಟೈಮ್ಸ್ ನ್ಯೂ ರೋಮನ್‌ಗೆ ಬದಲಿಸಿ. ಈಗ ಕಾಣುವುದು ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಬ್ರಿಟಿಷರ ಪೌಂಡ್ ಗುರುತು, ಮತ್ತೆ ಗೀಟಿನ ಎ, ಆಮೇಲೆ ಬಿ ಥರದ ಒಂದು ಜರ್ಮನ್ ಅಕ್ಷರ, ಕೊನೆಗೆ ಕ್ಯೂ ಮತ್ತು ಇನ್ನೊಂದು ಗೀಟಿನ ಎ. ಕಂಪ್ಯೂಟರಿನ ಪಾಲಿಗೆ ನಿಮ್ಮ ಮುನ್ನೂರು ಪುಟದ ಥೀಸಿಸ್ ಪೂರ್ತಿ ಹೀಗೇ ಇದೆ.

ಅಚ್ಚಾದ ಪುಸ್ತಕಕ್ಕೆ ಇದರಿಂದ ಏನೂ ಆಗುವುದಿಲ್ಲ. ಆದರೆ ನಿಮ್ಮ ಥೀಸಿಸ್ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಶೋಧಗಂಗಾ ಎಂಬ ಥೀಸಿಸ್‌ಗಳ ಆನ್‌ಲೈನ್ ಭಂಡಾರಕ್ಕೆ ಹೋಗಬೇಕು. ಅಲ್ಲಿ ಯಾರಾದರೂ ನಿಮ್ಮ ವಿಷಯದ ಪದ ಹಾಕಿ ಹುಡುಕಿದರೆ ಒಳಪುಟಗಳು ಸಿಗುವುದಿಲ್ಲ. ಕೃತಿಚೌರ್ಯ ಪರೀಕ್ಷಿಸುವ ಸಾಫ್ಟ್‌ವೇರ್‌ಗೂ ಆ ಗೀಟಿನ ಎಗಳೇ ಕಾಣುತ್ತವೆ. ಗ್ರಂಥಸೂಚಿಯನ್ನು ವರ್ಡ್‌ನಲ್ಲಿ ಅಕಾರಾದಿಗೆ ಹಾಕಿದರೆ ಅದು ಕನ್ನಡದ ಅಕಾರಾದಿ ಆಗುವುದಿಲ್ಲ, ಒಳಗಿನ ಲ್ಯಾಟಿನ್ ಗುರುತುಗಳ ಅಕಾರಾದಿ ಆಗುತ್ತದೆ.

ಬೆರಳಿಗೆ ಕೂತಿರುವ ಕೀಲಿಮಣೆ ಬಿಡಬೇಕಾಗಿಲ್ಲ. ನುಡಿಯ ಹೊಸ ಆವೃತ್ತಿಗಳಲ್ಲಿ ಅದೇ ಕೀಲಿಮಣೆಯಿಂದ ಯೂನಿಕೋಡ್ ಬರೆಯಬಹುದು. 'ಬರಹ' ಎಂಬ ಇನ್ನೊಂದು ತಂತ್ರಾಂಶದಲ್ಲೂ ಆಗುತ್ತದೆ.

ನಾಲ್ಕು ಅಧ್ಯಾಯ ಈಗಾಗಲೇ ಹಳೆ ನುಡಿಯಲ್ಲಿದೆ. ಈಗ?

ಆಸ್ಕಿಯನ್ನು ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳಿವೆ, ಅವಕ್ಕೆ ಹಾಕಿ. ಒಂದೇ ಸಲ ಇಡೀ ಥೀಸಿಸ್ ಹಾಕಬೇಡಿ, ಅಧ್ಯಾಯ ಅಧ್ಯಾಯವಾಗಿ ಮಾಡಿ. ನಡುವೆ ಇರುವ ಇಂಗ್ಲಿಷ್ ಪದಗಳೇ ದೊಡ್ಡ ಕಾಟ. ಪರಿವರ್ತಕಕ್ಕೆ ಎಲ್ಲವೂ ಲ್ಯಾಟಿನ್ ಅಕ್ಷರವೇ. ಹಾಗಾಗಿ ನೀವು ಇಂಗ್ಲಿಷಿನಲ್ಲಿ ಕೊಟ್ಟ ಪುಸ್ತಕದ ಹೆಸರನ್ನೂ ಅದು ಶ್ರದ್ಧೆಯಿಂದ ಕನ್ನಡಕ್ಕೆ ತಿರುಗಿಸಿ ಯಾವ ಭಾಷೆಯೂ ಅಲ್ಲದ ಸಾಲೊಂದನ್ನು ಕೊಡುತ್ತದೆ. ಇಂಗ್ಲಿಷ್ ಗ್ರಂಥಸೂಚಿಯನ್ನು ಮೊದಲೇ ಬೇರೆ ಫೈಲಿಗೆ ಎತ್ತಿಡಿ. ಪರಿವರ್ತನೆ ಆದಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಂದು ಸುತ್ತು ನೋಡಿ: ಧರ್ಮ, ವರ್ಗ, ಕಾರ್ಯ. ಆಸ್ಕಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂತಿರುತ್ತದೆ, ಯೂನಿಕೋಡ್‌ನಲ್ಲಿ ಮುಂಚೆ ಬರಬೇಕು. ಜಾರುವುದು ಅಲ್ಲೇ.

ಒಂದು ಅಧ್ಯಾಯ ತಿದ್ದಲು ಒಂದು ದಿನ ಎಂದು ಇಟ್ಟುಕೊಳ್ಳಿ. ಬೇಜಾರಿನ ಕೆಲಸ, ನಿಜ. ಆದರೆ ಇದೇ ನೆಪದಲ್ಲಿ ನಿಮ್ಮ ಥೀಸಿಸನ್ನು ನೀವೇ ಪೂರ್ತಿ ಓದಿದ ಹಾಗೂ ಆಗುತ್ತದೆ. ಎಷ್ಟೋ ಜನ ಓದಿರುವುದಿಲ್ಲ.

ಯಾವ ಫಾಂಟ್, ಎಷ್ಟು ಅಳತೆ, ಸಾಲಿನ ನಡುವೆ ಎಷ್ಟು ಜಾಗ?

ನೋಟೋ ಸೆರಿಫ್ ಕನ್ನಡ ನನಗೆ ಇಷ್ಟ. ಉಚಿತ, ಅಚ್ಚಿನಲ್ಲಿ ಚೆನ್ನಾಗಿ ಕಾಣುತ್ತದೆ. ಮೈಕ್ರೋಸಾಫ್ಟ್‌ನ ತುಂಗಾ ಕೂಡ ನಡೆಯುತ್ತದೆ, ಸ್ವಲ್ಪ ಸಣ್ಣದು ಅನಿಸುತ್ತದೆ. ಅಳತೆಯನ್ನು ಪರದೆ ನೋಡಿ ತೀರ್ಮಾನಿಸಬೇಡಿ. 12, 13, 14ರಲ್ಲಿ ಒಂದೊಂದು ಪುಟ ಪ್ರಿಂಟ್ ತೆಗೆದು ಮನೆಯಲ್ಲಿ ವಯಸ್ಸಾದವರೊಬ್ಬರಿಗೆ ಓದಲು ಕೊಡಿ. ಪರೀಕ್ಷಕರ ಕಣ್ಣೂ ಅದೇ ವಯಸ್ಸಿನದು.

ಸಾಲಿನ ಅಂತರ 1.5 ಇಡಿ. ಕನ್ನಡಕ್ಕೆ ಕೆಳಗೆ ಒತ್ತಕ್ಷರ ನೇತಾಡುತ್ತದೆ, ಮೇಲೆ ಗುಡಿಸು, ಏತ್ವ ಏರುತ್ತವೆ. ವರ್ಡ್‌ನ ಲೈನ್ ಸ್ಪೇಸಿಂಗ್‌ನಲ್ಲಿ 'ಎಗ್ಸಾಕ್ಟ್ಲಿ' ಎಂಬ ಆಯ್ಕೆಯ ತಂಟೆಗೆ ಹೋಗಬೇಡಿ. ಅಂತರ ಸಾಲದಿದ್ದರೆ 'ರಾಷ್ಟ್ರ', 'ಶಾಸ್ತ್ರ'ಗಳ ಒತ್ತುಗಳು ಅರ್ಧಕ್ಕೆ ಕತ್ತರಿಸಿಹೋಗುತ್ತವೆ.

ಇನ್ನೊಂದು ವಿಷಯ. ವರ್ಡ್ ಕನ್ನಡವನ್ನು 'ಕಾಂಪ್ಲೆಕ್ಸ್ ಸ್ಕ್ರಿಪ್ಟ್' ಎಂದು ಲೆಕ್ಕ ಹಾಕುತ್ತದೆ. ಫಾಂಟ್ ಪೆಟ್ಟಿಗೆಯಲ್ಲಿ ಇಂಗ್ಲಿಷಿಗೊಂದು, ಕಾಂಪ್ಲೆಕ್ಸ್ ಸ್ಕ್ರಿಪ್ಟಿಗೊಂದು ಅಳತೆ ಬೇರೆ ಬೇರೆ ಇರುತ್ತದೆ. "14 ಕೊಟ್ಟರೂ ಅಕ್ಷರ ದೊಡ್ಡದಾಗ್ತಿಲ್ಲ" ಎನ್ನುವವರು ಸಾಮಾನ್ಯವಾಗಿ ಮೇಲಿನದನ್ನು ಬದಲಿಸಿ ಕೆಳಗಿನದನ್ನು ಬಿಟ್ಟಿರುತ್ತಾರೆ.

ಮಾರ್ಜಿನ್: ಎಡಕ್ಕೆ 1.5 ಇಂಚು, ಉಳಿದ ಮೂರು ಕಡೆ 1 ಇಂಚು. ಎಡದ ಅರ್ಧ ಇಂಚು ಬೈಂಡರ್‌ನದು.

ವರ್ಡ್ ಸಾಕಾ, ಲೇಟೆಕ್ ಕಲಿಯಬೇಕಾ?

ಸಾಕು. ಲೇಟೆಕ್ (ಗುರುತುಗಳನ್ನು ಬರೆದು ಪುಟ ಜೋಡಿಸುವ ತಂತ್ರಾಂಶ) ಈಗಾಗಲೇ ಬರುತ್ತಿದ್ದರೆ ಅದರದ್ದೇ ಒಂದು ರೂಪವಾದ ಝೀಲೇಟೆಕ್‌ನಲ್ಲಿ ಕನ್ನಡ ಚೆನ್ನಾಗಿ ಬರುತ್ತದೆ, ಸಂತೋಷ. ಆದರೆ ನಿಮ್ಮ ಗೈಡ್ ತಿದ್ದುವುದು ಎಲ್ಲಿ ಅಂತ ಮೊದಲು ಯೋಚಿಸಿ. ಲಿಬ್ರೆಆಫೀಸ್‌ನಲ್ಲಿ ಶುರು ಮಾಡಿದ್ದರೆ ಅದರಲ್ಲೇ ಮುಗಿಸಿ, ನಡುವೆ ವರ್ಡ್‌ಗೆ ಹಾರಬೇಡಿ.

ಪರಿವಿಡಿಯನ್ನು ಕೊನೆಯಲ್ಲಿ ಕೈಯಿಂದ ಟೈಪ್ ಮಾಡಿಸಿದರೆ ಆಗಲ್ವಾ?

ನಾನು ಹಾಗೇ ಮಾಡಿಸಿದ್ದೆ. ಡಿಟಿಪಿ ಅಂಗಡಿಯಲ್ಲಿ ಚುಕ್ಕಿ ಚುಕ್ಕಿ ಹೊಡೆದು ಪುಟ ಸಂಖ್ಯೆ ಜೋಡಿಸಿ ಚೆನ್ನಾಗಿಯೇ ಮಾಡಿಕೊಟ್ಟರು. ಸಬ್ಮಿಟ್ ಮಾಡುವ ಹಿಂದಿನ ದಿನ ನಮ್ಮ ಮೇಷ್ಟ್ರು ಎರಡನೇ ಅಧ್ಯಾಯದಲ್ಲಿ ಒಂದು ನಕ್ಷೆ ಸೇರಿಸಿ ಎಂದರು. ಸೇರಿಸಿದೆವು. ಅದರಿಂದ ಮುಂದಿನ ಎಲ್ಲ ಪುಟಗಳೂ ಎರಡೆರಡು ಸರಿದವು. ರಾತ್ರಿ ಹನ್ನೊಂದಕ್ಕೆ ಅಂಗಡಿಯ ಅರ್ಧ ಶಟರ್ ಎಳೆದು, ನಾನು ಪುಟ ಸಂಖ್ಯೆ ಕೂಗುವುದು, ಆ ಹುಡುಗ ತಿದ್ದುವುದು. ಐದನೇ ಅಧ್ಯಾಯದ ಮೂರು ಉಪಶೀರ್ಷಿಕೆ ಬಿಟ್ಟೇಹೋದವು. ವೈವಾದಲ್ಲಿ ಪರೀಕ್ಷಕರು ಕೇಳಿದ ಮೊದಲ ಪ್ರಶ್ನೆಯೇ ಅದು.

ಸ್ಟೈಲ್ ಬಳಸಿದ್ದರೆ ಈ ಕಥೆಯೇ ಇಲ್ಲ. ಅಧ್ಯಾಯದ ಹೆಸರಿನ ಮೇಲೆ ಕರ್ಸರ್ ಇಟ್ಟು 'ಹೆಡಿಂಗ್ 1' ಒತ್ತಿ. ಉಪಶೀರ್ಷಿಕೆಗೆ 'ಹೆಡಿಂಗ್ 2', ಅದರ ಒಳಗಿನದಕ್ಕೆ 'ಹೆಡಿಂಗ್ 3'. ನಾಲ್ಕಕ್ಕೆ ಹೋಗಬೇಡಿ, 3.2.4.1 ಎಂದು ಬರೆಯುವ ಹೊತ್ತಿಗೆ ಓದುಗರಿಗೆ ತಾವು ಎಲ್ಲಿದ್ದೇವೆ ಅನ್ನುವುದೇ ಮರೆತಿರುತ್ತದೆ. ನೋಡಲು ಚೆನ್ನಾಗಿಲ್ಲ ಅನಿಸಿದರೆ ಒಂದೊಂದು ಶೀರ್ಷಿಕೆಯನ್ನೂ ಬೋಲ್ಡ್ ಮಾಡುತ್ತಾ ಕೂರಬೇಡಿ. ಸ್ಟೈಲ್ ಮೇಲೆ ರೈಟ್ ಕ್ಲಿಕ್, 'ಮಾಡಿಫೈ', ಅಲ್ಲಿ ಒಮ್ಮೆ ಬದಲಿಸಿ. ಇಡೀ ಥೀಸಿಸ್‌ನಲ್ಲಿ ಬದಲಾಗುತ್ತದೆ.

ಆಮೇಲೆ 'ರೆಫರೆನ್ಸಸ್' ಪಟ್ಟಿಯಲ್ಲಿ 'ಟೇಬಲ್ ಆಫ್ ಕಂಟೆಂಟ್ಸ್' ಒತ್ತಿದರೆ ಪರಿವಿಡಿ ತಾನೇ ಬರುತ್ತದೆ. ಪುಟ ಸರಿದಾಗ ಪರಿವಿಡಿಯ ಮೇಲೆ ರೈಟ್ ಕ್ಲಿಕ್ ಮಾಡಿ 'ಅಪ್‌ಡೇಟ್ ಫೀಲ್ಡ್', 'ಎಂಟೈರ್ ಟೇಬಲ್'. ಐದು ಸೆಕೆಂಡ್. ನಮ್ಮ ಆ ರಾತ್ರಿಯ ಮೂರು ಗಂಟೆ ಇಷ್ಟರಲ್ಲಿ ಮುಗಿಯುತ್ತಿತ್ತು.

ಮುಂಭಾಗಕ್ಕೆ ರೋಮನ್ ಅಂಕಿ, ಒಳಗೆ 1, 2, 3. ಒಂದೇ ಫೈಲಿನಲ್ಲಿ ಹೇಗೆ?

ಇದಕ್ಕಾಗಿಯೇ ಜನ ಮೂರು ಫೈಲ್ ಮಾಡಿಕೊಳ್ಳುತ್ತಾರೆ. ಬೇಕಾಗಿಲ್ಲ. ಮೊದಲ ಅಧ್ಯಾಯ ಶುರುವಾಗುವ ಜಾಗದ ಹಿಂದೆ ಕರ್ಸರ್ ಇಡಿ. 'ಲೇಔಟ್'ನಲ್ಲಿ 'ಬ್ರೇಕ್ಸ್', ಅದರಲ್ಲಿ 'ಸೆಕ್ಷನ್ ಬ್ರೇಕ್, ನೆಕ್ಸ್ಟ್ ಪೇಜ್'. ಬರೀ ಪೇಜ್ ಬ್ರೇಕ್ ಅಲ್ಲ, ಗಮನಿಸಿ. ಈಗ ಮೊದಲ ಅಧ್ಯಾಯದ ಪುಟದ ಅಡಿಯಲ್ಲಿ ಡಬಲ್ ಕ್ಲಿಕ್ ಮಾಡಿದರೆ ಮೇಲೆ 'ಲಿಂಕ್ ಟು ಪ್ರೀವಿಯಸ್' ಎಂಬ ಗುಂಡಿ ಕಾಣುತ್ತದೆ. ಅದನ್ನು ಮೊದಲು ಆಫ್ ಮಾಡಿ. ಎಲ್ಲರೂ ಮರೆಯುವುದು ಇದನ್ನೇ. ಮರೆತರೆ ಕೆಳಗಿನದನ್ನು ಬದಲಿಸಿದಾಗ ಮೇಲಿನದೂ ಬದಲಾಗುತ್ತದೆ. ಆಮೇಲೆ ಪುಟ ಸಂಖ್ಯೆಯ ಫಾರ್ಮ್ಯಾಟ್‌ಗೆ ಹೋಗಿ 'ಸ್ಟಾರ್ಟ್ ಅಟ್ 1' ಕೊಡಿ. ಮುಂಭಾಗದ ಸೆಕ್ಷನ್‌ಗೆ ಸಣ್ಣ ರೋಮನ್ ಅಂಕಿ ಆರಿಸಿ. ಶೀರ್ಷಿಕೆ ಪುಟದಲ್ಲಿ ಸಂಖ್ಯೆ ಕಾಣದಿರಲು 'ಡಿಫರೆಂಟ್ ಫಸ್ಟ್ ಪೇಜ್' ಇದೆ.

ಯಾವುದು ಮೊದಲು, ಯಾವುದು ಆಮೇಲೆ?

ಶೀರ್ಷಿಕೆ ಪುಟ, ಮಾರ್ಗದರ್ಶಕರ ಪ್ರಮಾಣಪತ್ರ, ನಿಮ್ಮ ಘೋಷಣೆ, ಕೃತಜ್ಞತೆ, ಪರಿವಿಡಿ, ಪಟ್ಟಿ ಮತ್ತು ನಕ್ಷೆಗಳ ಸೂಚಿ, ಸಂಕ್ಷೇಪಾಕ್ಷರಗಳು, ಅಧ್ಯಾಯಗಳು, ಅನುಬಂಧ, ಗ್ರಂಥಸೂಚಿ. ಅನುಬಂಧ ಮತ್ತು ಗ್ರಂಥಸೂಚಿ ಕೆಲವು ಕಡೆ ಅದಲುಬದಲಾಗುತ್ತವೆ. ಕೃತಜ್ಞತೆ ಎರಡು ಪುಟ ಮೀರದಿರಲಿ. ಬಸ್ ಪಾಸ್ ಕೊಟ್ಟವರನ್ನೂ ನೆನೆದ ಕೃತಜ್ಞತೆಯೊಂದನ್ನು ನಾನು ಓದಿದ್ದೇನೆ. ಪಾಪ, ಆ ಪಾಸ್ ಇಲ್ಲದೆ ಕ್ಷೇತ್ರಕಾರ್ಯ ಆಗುತ್ತಿರಲಿಲ್ಲವೇನೋ.

ಎಷ್ಟು ಅಧ್ಯಾಯ ಇರಬೇಕು?

ಐದರಿಂದ ಏಳು ರೂಢಿ. ಸಂಖ್ಯೆಗಿಂತ ನನಗೆ ಚಿಂತೆ ಆಗುವುದು ಮೊದಲ ಎರಡು ಅಧ್ಯಾಯಗಳದ್ದು. ಒಬ್ಬ ಕಾದಂಬರಿಕಾರರ ಸ್ತ್ರೀಪಾತ್ರಗಳ ಬಗ್ಗೆ ಥೀಸಿಸ್. ಶುರುವಾಗುವುದು ಅವರ ಜಿಲ್ಲೆಯ ಅಕ್ಷಾಂಶ ರೇಖಾಂಶದಿಂದ. ಆಮೇಲೆ ಮಳೆ, ಬೆಳೆ, ತಾಲ್ಲೂಕುಗಳು. ಸ್ತ್ರೀಪಾತ್ರ ಬರುವಾಗ ಪುಟ 96. ನಿಮ್ಮ ವಾದಕ್ಕೆ ಆ ಮಳೆ ಬೇಕಾದರೆ ಇರಲಿ, ಇಲ್ಲವಾದರೆ ಅನುಬಂಧಕ್ಕೆ ಕಳಿಸಿ. ವರ್ಡ್‌ನ ನ್ಯಾವಿಗೇಶನ್ ಪೇನ್ ತೆರೆದು ಶೀರ್ಷಿಕೆಗಳನ್ನಷ್ಟೇ ಮೇಲಿಂದ ಕೆಳಗೆ ಓದಿ. ವಿಷಯ ಗೊತ್ತಿಲ್ಲದವರಿಗೂ ನಿಮ್ಮ ವಾದದ ದಾರಿ ಅದರಲ್ಲಿ ಕಾಣಬೇಕು. ಕಾಣದಿದ್ದರೆ ಅಧ್ಯಾಯಗಳ ಜಾಗ ಬದಲಿಸಿ. ಶೀರ್ಷಿಕೆಯನ್ನು ಆ ಪೇನ್‌ನಲ್ಲಿ ಹಿಡಿದು ಎಳೆದರೆ ಅದರಡಿಯ ಪೂರ್ತಿ ಭಾಗವೂ ಜೊತೆಗೆ ಬರುತ್ತದೆ.

ಟಿಪ್ಪಣಿ ಪುಟದ ಅಡಿಯಲ್ಲೋ, ಅಧ್ಯಾಯದ ಕೊನೆಯಲ್ಲೋ?

ಸೂಚನಾ ಪತ್ರ ಏನೂ ಹೇಳದಿದ್ದರೆ ಪುಟದ ಅಡಿಯಲ್ಲೇ ಹಾಕಿ. ಓದುವವರು ಪ್ರತಿ ಸಲ ಇಪ್ಪತ್ತು ಪುಟ ತಿರುವಬೇಕಾಗಿಲ್ಲ. 'ಇನ್‌ಸರ್ಟ್ ಫುಟ್‌ನೋಟ್' ಒತ್ತಿಯೇ ಹಾಕಿ, ಕೈಯಿಂದ ಸಂಖ್ಯೆ ಬರೆಯಬೇಡಿ.

'ಅದೇ, ಪು. 45' ಎಂದು ಬರೆಯುವ ಚಟ ನಮ್ಮಲ್ಲಿ ಜಾಸ್ತಿ. ಕರಡಿನ ಹಂತದಲ್ಲಿ ಇದು ಅಪಾಯ. ಒಂದು ಪ್ಯಾರಾ ಕತ್ತರಿಸಿ ಬೇರೆ ಕಡೆ ಅಂಟಿಸಿದರೆ 'ಅದೇ' ಎನ್ನುವುದು ಯಾವುದೋ ಬೇರೆ ಪುಸ್ತಕಕ್ಕೆ ಅಂಟಿಕೊಳ್ಳುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಲೇಖಕರ ಹೆಸರು, ಚುಟುಕು ಶೀರ್ಷಿಕೆ, ಪುಟ ಇಷ್ಟನ್ನು ಪ್ರತಿ ಸಲ ಬರೆಯಿರಿ.

ಶಾಸನ, ಹಳಗನ್ನಡ ಕಾವ್ಯ, ವಚನ ಇವನ್ನು ಉಲ್ಲೇಖಿಸುವುದು ಹೇಗೆ? ಇಂಗ್ಲಿಷ್ ಕೈಪಿಡಿಗಳಲ್ಲಿ ಇದಿಲ್ಲ.

ಇಲ್ಲ. ಎಪಿಎ, ಎಂಎಲ್ಎ ಕೈಪಿಡಿ ಮಾಡಿದವರು ನಮ್ಮ ಆಶ್ವಾಸ, ಸಂಧಿಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ್ದಲ್ಲ. ನಮ್ಮ ವಿದ್ವಾಂಸರ ರೂಢಿಯನ್ನೇ ಹಿಡಿಯಿರಿ.

ಚಂಪೂ ಕಾವ್ಯಕ್ಕೆ ಆಶ್ವಾಸ ಮತ್ತು ಪದ್ಯ ಸಂಖ್ಯೆ ಕೊಡಿ. ಕುಮಾರವ್ಯಾಸನಿಗೆ ಪರ್ವ, ಸಂಧಿ, ಪದ್ಯ. ಪುಟ ಸಂಖ್ಯೆ ಮಾತ್ರ ಕೊಟ್ಟರೆ ನಿಮ್ಮ ಹತ್ತಿರ ಇರುವ ಮುದ್ರಣವೇ ಓದುಗರ ಹತ್ತಿರವೂ ಇರಬೇಕಾಗುತ್ತದೆ. ಆದರೆ ಯಾರು ಸಂಪಾದಿಸಿದ ಆವೃತ್ತಿ ಎಂದು ಗ್ರಂಥಸೂಚಿಯಲ್ಲಿ ಹೇಳಲೇಬೇಕು. ಪಾಠಾಂತರ ಇರುತ್ತದೆ, ಕೆಲವೊಮ್ಮೆ ಪದ್ಯ ಸಂಖ್ಯೆಯೂ ಒಂದೆರಡು ಆಚೀಚೆ ಆಗುತ್ತದೆ.

ವಚನಕ್ಕೆ ಸಂಪುಟ ಮತ್ತು ವಚನ ಸಂಖ್ಯೆ. ಎಂ.ಎಂ. ಕಲಬುರ್ಗಿ ಅವರ ಪ್ರಧಾನ ಸಂಪಾದಕತ್ವದಲ್ಲಿ ಬಂದ 15 ಸಂಪುಟಗಳ ಸಮಗ್ರ ವಚನ ಸಂಪುಟ ಸಾಮಾನ್ಯವಾಗಿ ಗ್ರಂಥಾಲಯಗಳಲ್ಲಿ ಸಿಗುತ್ತದೆ, ಅದನ್ನೇ ಆಧಾರವಾಗಿಟ್ಟುಕೊಳ್ಳಿ. ವಾಟ್ಸಾಪ್‌ನಲ್ಲಿ ಓಡಾಡುವ ಬಸವಣ್ಣನ ವಚನಗಳಲ್ಲಿ ಕೆಲವು ಬಸವಣ್ಣನವೇ ಅಲ್ಲ. ಸಂಪುಟದಲ್ಲಿ ಸಂಖ್ಯೆ ಸಿಗದಿದ್ದರೆ ಅಲ್ಲೇ ನಿಲ್ಲಿಸಿ.

ಶಾಸನಕ್ಕೆ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಮಾಲೆಯ ಸಂಪುಟ, ತಾಲ್ಲೂಕು, ಶಾಸನ ಸಂಖ್ಯೆ: 'ಎಕ 9, ಬೇಲೂರು' ಎಂದು ಬರೆದು ಮುಂದೆ ಸಂಖ್ಯೆ. ಇಲ್ಲಿ ಒಂದು ಹಳ್ಳ ಇದೆ, ತುಂಬಾ ಜನ ಬೀಳುತ್ತಾರೆ. ಬಿ.ಎಲ್. ರೈಸ್ ಅವರ ಹಳೆಯ ಮಾಲೆಯಲ್ಲಿ ಬೇಲೂರಿನ ಶಾಸನಗಳು 5ನೇ ಸಂಪುಟದಲ್ಲಿವೆ. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ ತಂದ ಪರಿಷ್ಕೃತ ಮಾಲೆಯಲ್ಲಿ ಅವೇ ಶಾಸನಗಳು 9ನೇ ಸಂಪುಟದಲ್ಲಿವೆ, ಶಾಸನಗಳ ಸಂಖ್ಯೆಗಳೂ ಹೊಸವು. ಹಳೆಯ ಲೇಖನವೊಂದರಿಂದ ಸಂಖ್ಯೆ ಎತ್ತಿಕೊಂಡು ಹೊಸ ಸಂಪುಟದ ಹೆಸರು ಹಾಕಿದರೆ ಓದುಗರು ಹೋಗಿ ನಿಲ್ಲುವುದು ಬೇರೆ ಯಾವುದೋ ಕಲ್ಲಿನ ಮುಂದೆ. ಹೊಸದಾದರೆ 'ಪರಿಷ್ಕೃತ' ಎಂದು ಸಂಕ್ಷೇಪಾಕ್ಷರಗಳ ಪುಟದಲ್ಲೇ ಹೇಳಿಬಿಡಿ.

ಕ್ಷೇತ್ರಕಾರ್ಯದ ಸಂದರ್ಶನಕ್ಕೆ ಹೇಳಿದವರ ಹೆಸರು (ಅವರು ಒಪ್ಪಿದ್ದರೆ), ವಯಸ್ಸು, ಊರು, ದಿನಾಂಕ ಸಾಕು. ಫೋನ್ ನಂಬರ್ ಹಾಕಬೇಡಿ. ಥೀಸಿಸ್ ಊರಿಗೆಲ್ಲ ಕಾಣುವ ದಾಖಲೆ.

ಗ್ರಂಥಸೂಚಿಯಲ್ಲಿ ಕುವೆಂಪು ಎಲ್ಲಿ ಬರಬೇಕು? 'ಕ'ದಲ್ಲೋ 'ಪ'ದಲ್ಲೋ?

'ಕ'ದಲ್ಲಿ. ಪುಸ್ತಕದ ಮೇಲೆ ಇರುವ ಹೆಸರೇ ಹೆಸರು. ಪುಟ್ಟಪ್ಪ ಎಂದು ಹುಡುಕುವವರು ಯಾರೂ ಇಲ್ಲ. ಇನಿಷಿಯಲ್ ಇರುವವರನ್ನು ಹೆಸರಿನಿಂದ ಹಾಕಿ: ನರಸಿಂಹಾಚಾರ್, ಡಿ.ಎಲ್. ಪು.ತಿ.ನ. ಅವರಂಥವರನ್ನು ಮಾತ್ರ ಬಿಡಿಸಲು ಹೋಗಬೇಡಿ, 'ಪು'ದಲ್ಲೇ ಇರಲಿ. ಝೊಟೆರೊ ಥರದ ಸಾಫ್ಟ್‌ವೇರ್ ಕನ್ನಡವನ್ನೂ ಇಟ್ಟುಕೊಳ್ಳುತ್ತದೆ, ಉಚಿತ. ಆದರೆ ನಮ್ಮ ಹೆಸರುಗಳನ್ನು ಅದು ಫಸ್ಟ್ ನೇಮ್, ಲಾಸ್ಟ್ ನೇಮ್ ಎಂದು ಒಡೆಯಲು ನೋಡುತ್ತದೆ. ಒಂದೇ ಖಾನೆಯ ಹೆಸರು ಎಂಬ ಆಯ್ಕೆ ಇದೆ, ಅದನ್ನು ಬಳಸಿ.

ಕನ್ನಡ ಪುಸ್ತಕಗಳಲ್ಲಿ ಮೊದಲ ಮುದ್ರಣ, ಮರುಮುದ್ರಣ ಎರಡರ ವರ್ಷವೂ ಇರುತ್ತದೆ. ನೀವು ಓದಿದ್ದು ಯಾವುದೋ ಅದನ್ನು ಕೊಡಿ, ಮೊದಲ ಮುದ್ರಣದ ವರ್ಷವನ್ನು ಆವರಣದಲ್ಲಿ ಸೇರಿಸಿ. ಇಲ್ಲವಾದರೆ 1930ರ ದಶಕದ ಪುಸ್ತಕ 2015ರದ್ದು ಎನಿಸಿಬಿಡುತ್ತದೆ.

10 ಪರ್ಸೆಂಟ್ ಅಂತಾರಲ್ಲ, ಅದೇನು? ನನ್ನ ಥೀಸಿಸ್ ತುಂಬಾ ವಚನಗಳೇ ಇವೆ.

ಅದು ಯುಜಿಸಿಯ 2018ರ ಕೃತಿಚೌರ್ಯ ತಡೆ ನಿಯಮ. ಹೋಲಿಕೆ 10 ಪರ್ಸೆಂಟ್‌ವರೆಗೆ ಇದ್ದರೆ ದಂಡವಿಲ್ಲ. 10ರಿಂದ 40 ಇದ್ದರೆ ಆರು ತಿಂಗಳೊಳಗೆ ತಿದ್ದಿ ಮತ್ತೆ ಕೊಡಬೇಕು. 40ರಿಂದ 60 ಇದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು.

ವಚನಗಳ ಬಗ್ಗೆ ಹೆದರಬೇಡಿ. ಆಕರ ಹೇಳಿ ಉದ್ಧರಿಸಿದ ಭಾಗ, ಗ್ರಂಥಸೂಚಿ, ಪರಿವಿಡಿ, ಕೃತಜ್ಞತೆ ಇವು ಲೆಕ್ಕಕ್ಕೆ ಬರುವುದಿಲ್ಲ. ಆದರೆ ಸಾಫ್ಟ್‌ವೇರ್‌ಗೆ ಅದು ಉದ್ಧರಣೆ ಎಂದು ಗೊತ್ತಾಗಬೇಕಲ್ಲ. ಉದ್ಧರಣ ಚಿಹ್ನೆ ಹಾಕಿ. ಉದ್ಧರಣೆಗೆಂದೇ ಒಂದು ಸ್ಟೈಲ್ ಮಾಡಿ, ಎರಡೂ ಕಡೆ ಅರ್ಧ ಇಂಚು ಒಳಗೆ ಸರಿಸಿ. ವರದಿ ಕೈಗೆ ಬಂದಾಗ ಬರೀ ಸಂಖ್ಯೆ ನೋಡಬೇಡಿ, ಬಣ್ಣ ಹಾಕಿದ ಸಾಲುಗಳನ್ನು ಒಂದೊಂದಾಗಿ ನೋಡಿ.

"ಕನ್ನಡದ್ದನ್ನು ಆ ಸಾಫ್ಟ್‌ವೇರ್ ಹಿಡಿಯಲ್ಲ, ಆಸ್ಕಿಯಲ್ಲೇ ಇರಲಿ" ಎಂದು ಕಿವಿಯಲ್ಲಿ ಹೇಳುವವರೂ ಸಿಗುತ್ತಾರೆ. ನೀವು ಯಾವ ಪುಸ್ತಕದಿಂದ ಎತ್ತಿಕೊಂಡಿರೋ ಅದನ್ನು ಬರೆದವರೇ ನಿಮ್ಮ ಪರೀಕ್ಷಕರಾಗಿರಬಹುದು.

ನಕ್ಷೆ, ಫೋಟೋ?

ಅಚ್ಚಿಗೆ 300 ಡಿಪಿಐ. ಪ್ರತಿಯೊಂದಕ್ಕೂ 'ಇನ್‌ಸರ್ಟ್ ಕ್ಯಾಪ್ಶನ್'ನಿಂದಲೇ ಶೀರ್ಷಿಕೆ ಕೊಡಿ, ಚಿತ್ರಗಳ ಸೂಚಿ ತಾನಾಗಿ ಆಗುತ್ತದೆ. ಅಡ್ಡ ನಕ್ಷೆಯ ತಲೆ ಬೈಂಡಿಂಗ್ ಕಡೆಗೆ ಇರಲಿ.

ಬೈಂಡಿಂಗ್‌ಗೆ ಕೊಡುವ ಮುಂಚೆ ಏನು ನೋಡಬೇಕು?

ಬೆನ್ನಿನ ಮೇಲಿನ ಅಕ್ಷರ. ರೆಕ್ಸಿನ್ ಮೇಲೆ ಚಿನ್ನದ ಬಣ್ಣದಲ್ಲಿ ಒತ್ತಿದ ಮೇಲೆ ತಿದ್ದಲಾಗುವುದಿಲ್ಲ. ನನ್ನ ಗೆಳತಿಯೊಬ್ಬಳ ಆರು ಪ್ರತಿಗಳಲ್ಲೂ 'ಸ್ತ್ರೀ' ಎನ್ನುವುದು ರ-ಒತ್ತು ಕಳೆದುಕೊಂಡು 'ಸ್ತೀ' ಆಗಿತ್ತು. ಒಳಗಿನ 280 ಪುಟ ಆಕೆ ನಾಲ್ಕು ಸಲ ಕರಡು ತಿದ್ದಿದ್ದಳು. ಬೆನ್ನಿಗೆ ಏನು ಬರೆಯಬೇಕು ಎಂದು ಚೀಟಿಯಲ್ಲಿ ಕೈಯಿಂದ ಬರೆದು ಕೊಟ್ಟಿದ್ದಳು, ಅಷ್ಟೇ. ನೀವು ಟೈಪ್ ಮಾಡಿ, ಅಕ್ಷರವನ್ನು ಚಿತ್ರವಾಗಿ ಉಳಿಸಿದ ಪಿಡಿಎಫ್ ಕೊಡಿ. ಒಂದು ಪ್ರತಿ ಒತ್ತಿಸಿ ನೋಡಿ, ಆಮೇಲೆ ಉಳಿದವು.

ಪ್ರಿಂಟ್ ತೆಗೆಯುವ ಅಂಗಡಿಗೂ ವರ್ಡ್ ಫೈಲ್ ಒಯ್ಯಬೇಡಿ. ಅವರ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇಲ್ಲದಿದ್ದರೆ ಪುಟಗಳೆಲ್ಲ ಸರಿದು ಪರಿವಿಡಿ ಸುಳ್ಳಾಗುತ್ತದೆ. ಪಿಡಿಎಫ್ ಒಯ್ಯಿರಿ.

ಸಾಫ್ಟ್ ಕಾಪಿ ಹೇಗೆ ಕೊಡಬೇಕು?

ಶೋಧಗಂಗಾದಲ್ಲಿ ಥೀಸಿಸ್ ಒಂದೇ ಫೈಲ್ ಆಗಿ ಕೂರುವುದಿಲ್ಲ. ಶೀರ್ಷಿಕೆ ಪುಟ, ಪ್ರಮಾಣಪತ್ರ, ಪರಿವಿಡಿ, ಒಂದೊಂದು ಅಧ್ಯಾಯ, ಗ್ರಂಥಸೂಚಿ ಹೀಗೆ ಬೇರೆ ಬೇರೆ ಪಿಡಿಎಫ್. ಹೆಸರಿನ ಮುಂದೆ 01, 02 ಎಂದು ಕ್ರಮಸಂಖ್ಯೆ ಇರುತ್ತದೆ. ಒಡೆಯುವ ಕೆಲಸವನ್ನು ಗ್ರಂಥಾಲಯದವರು ಮಾಡುತ್ತಾರಾ, ನೀವಾ ಎಂದು ಮೊದಲೇ ಕೇಳಿಕೊಳ್ಳಿ.

ಕೊಡುವ ಮುಂಚೆ ಒಂದು ಪರೀಕ್ಷೆ. ಪಿಡಿಎಫ್ ತೆರೆದು ನಿಮ್ಮ ಶೀರ್ಷಿಕೆಯ ಮುಖ್ಯ ಪದವೊಂದನ್ನು ಕನ್ನಡದಲ್ಲಿ ಟೈಪ್ ಮಾಡಿ ಹುಡುಕಿ. ಪದ ಸಿಕ್ಕರೆ ಆಯಿತು. ಆಮೇಲೆ ಒಂದು ಪ್ಯಾರಾ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಅಂಟಿಸಿ. ಒತ್ತಕ್ಷರ ಅಲ್ಲೊಂದು ಇಲ್ಲೊಂದು ಜಾರಿರಬಹುದು, ಪಿಡಿಎಫ್‌ಗಳಲ್ಲಿ ಕನ್ನಡಕ್ಕೆ ಅದು ಆಗುತ್ತದೆ. ಆದರೆ ಪಿ, ಪೌಂಡ್ ಗುರುತು, ಗೀಟಿನ ಎ ಕಂಡರೆ ಯಾವುದೋ ಒಂದು ಅಧ್ಯಾಯ ಇನ್ನೂ ಹಳೆ ನುಡಿಯಲ್ಲೇ ಉಳಿದಿದೆ ಎಂದರ್ಥ. ಸಾಮಾನ್ಯವಾಗಿ ಅದು ಅನುಬಂಧ.